ವೋಡ್ ಎಲೆಯಿಂದ ನೀಲಿ ತೆಗೆಯುವ ಬಗೆ

ವೋಡ್ ಎಲೆಯನ್ನು ಕೈಯಲ್ಲಿ ಹಿಸುಕಿ ನೋಡಿ. ಬರುವುದು ಹಸಿರು ರಸ, ಎಲೆಕೋಸಿನ ಥರ ವಾಸನೆ. ಸಾಸಿವೆ ಜಾತಿಯ ಗಿಡ ಅಲ್ವಾ, ಅದಕ್ಕೇ. ನೀಲಿ ಇನ್ನೂ ಹುಟ್ಟಿಲ್ಲ. ಎಲೆಯೊಳಗಿನ ಬಣ್ಣವಿಲ್ಲದ ಸತ್ವ ನೀರಿಗಿಳಿದು, ಗಾಳಿ ಸೇರಿದ ಮೇಲೆ ನೀಲಿಯಾಗುತ್ತದೆ. ಯಾವಾಗ ಗಾಳಿ ಕೊಡಬೇಕು, ಯಾವಾಗ ಕೊಡಬಾರದು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲ ವರ್ಷದ ಎಲೆಯನ್ನೇ ಕೊಯ್ಯಿರಿ. ಎರಡನೇ ವರ್ಷ ಹಳದಿ ಹೂ ಬಿಟ್ಟ ಗಿಡದಲ್ಲಿ ಬಣ್ಣ ತೀರಾ ಕಡಿಮೆ. ಕೊಯ್ದ ದಿನವೇ ಬಳಸಿ. ಒಮ್ಮೆ ನಾನು ಒಂದು ಬುಟ್ಟಿ ಎಲೆಯನ್ನು ನಾಳೆಗೆಂದು ಇಟ್ಟೆ. ಮರುದಿನ ಎಲ್ಲ ಬಾಡಿತ್ತು, ಉಣ್ಣೆಗೆ ಹತ್ತಿದ್ದು ಮಾಸಲು ಬೂದಿ ಬಣ್ಣ ಮಾತ್ರ. ಆ ಬೇಸರ ಇನ್ನೂ ಹೋಗಿಲ್ಲ.

ಒಂದು ಕಿಲೋ ಎಲೆಯನ್ನು ತೊಳೆದು, ಹರಿದು, 80 ಡಿಗ್ರಿ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಕುದಿಸಬೇಡಿ. ಆಮೇಲೆ ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ಬೇಗನೆ 50 ಡಿಗ್ರಿಗೆ ಇಳಿಸಿ, ಎಲೆಯನ್ನು ಚೆನ್ನಾಗಿ ಹಿಂಡಿ ತೆಗೆಯಿರಿ. ಕಂದು ನೀರಿಗೆ ಕರಗಿಸಿದ ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ. ಕ್ಷಾರ ಎಷ್ಟಿದೆ ಎಂದು ತೋರಿಸುವ ಪಿಎಚ್ ಪಟ್ಟಿ 9 ತೋರಿಸಿದರೆ ಸಾಕು, ನೀರು ಹಸಿರಿಗೆ ತಿರುಗುತ್ತದೆ.

ಈಗ ಕಡೆಯಿರಿ. ಮೊದಲು ನೊರೆ ಹಸಿರಾಗಿ, ನೋಡನೋಡುತ್ತಲೇ ನೀಲಿಯಾಗುತ್ತದೆ. ಸುಮಾರು ಹತ್ತು ನಿಮಿಷದಲ್ಲಿ ಆ ನೀಲಿ ಮಂಕಾಗತೊಡಗಿದರೆ ನಿಲ್ಲಿಸಿ. ಒಂದೆರಡು ಗಂಟೆ ಅಲುಗಾಡಿಸದೆ ಬಿಟ್ಟರೆ ನೀಲಿ ತಳಕ್ಕೆ ಕೂರುತ್ತದೆ. ಮೇಲಿನ ನೀರು ಬಸಿಯಿರಿ. ಅಷ್ಟೆಲ್ಲ ಎಲೆಗೆ ಸಿಗುವುದು ಕೆಲವೇ ಗ್ರಾಂ, ಹನಿಯೂ ಚೆಲ್ಲಬೇಡಿ.

ಹಿಂದೆ ಫ್ರಾನ್ಸಿನ ಟುಲೂಸ್ ಸುತ್ತ ಎಲೆ ಅರೆದು ಉಂಡೆ ಕಟ್ಟಿ ಒಣಗಿಸುತ್ತಿದ್ದರು. ಆ ಉಂಡೆಗೆ ಕೊಕಾನ್ಯ ಎಂದು ಹೆಸರು. ಒಣಗಿದ್ದನ್ನು ಪುಡಿ ಮಾಡಿ, ನೀರು ಚಿಮುಕಿಸಿ ವಾರಗಟ್ಟಲೆ ಕೊಳೆಸಬೇಕಿತ್ತು. ಹಡಗಿನಲ್ಲಿ ಇಂಡಿಗೋ, ಅಂದರೆ ನೀಲಿ ಗಿಡದ ಬಣ್ಣ, ಬಂದಾಗ ಈ ದುಡಿಮೆಗೇ ಕುತ್ತು ಬಂತು. ಎರಡರಲ್ಲೂ ಇರುವ ನೀಲಿ ಒಂದೇ, ಆದರೆ ಇಂಡಿಗೋ ಎಲೆಯಲ್ಲಿ ಜಾಸ್ತಿ. 1609ರಲ್ಲಿ ದೊರೆ ನಾಲ್ಕನೇ ಹೆನ್ರಿ ಇಂಡಿಗೋ ಬಳಸಿದವರಿಗೆ ಮರಣದಂಡನೆ ಎಂದು ಆಜ್ಞೆ ಹೊರಡಿಸಿದ.

ತಳದ ನೀಲಿ ನೀರಿನಲ್ಲಿ ಕರಗುವುದಿಲ್ಲ, ಸುಮ್ನೆ ಬಟ್ಟೆ ಅದ್ದಿದರೆ ಹತ್ತದು. ಆಮ್ಲಜನಕ ಕಳೆದ ನೀರಿನಲ್ಲಿ ಅದನ್ನು ಕರಗುವ ರೂಪಕ್ಕೆ ತರಬೇಕು. 50 ಡಿಗ್ರಿ ನೀರಿಗೆ ನೀಲಿ ಸೇರಿಸಿ, ಪಿಎಚ್ 9ಕ್ಕೆ ತಂದು, ಆಮ್ಲಜನಕ ಹೀರುವ ಸೋಡಿಯಂ ಹೈಡ್ರೋಸಲ್ಫೈಟ್ ಪುಡಿಯನ್ನು ಒಂದು ಚಮಚ ಉದುರಿಸಿ ಮುಚ್ಚಿಡಿ. ಕೈಗವಸು ಹಾಕಿ, ಕಿಟಕಿ ತೆರೆದಿರಲಿ. ಮುಕ್ಕಾಲು ಗಂಟೆಗೆ ನೀರು ತಿಳಿ ಹಳದಿ-ಹಸಿರಾಗುತ್ತದೆ.

ಒದ್ದೆ ಉಣ್ಣೆಯನ್ನು ಗುಳ್ಳೆ ಏಳದಂತೆ ಮೆಲ್ಲಗೆ ಇಳಿಸಿ. ಹತ್ತು ನಿಮಿಷಕ್ಕೆ ಎತ್ತಿ. ಹೊರಬಂದಾಗ ನಿಂಬೆ ಚಿಗುರಿನ ಬಣ್ಣ. ಗಾಳಿ ತಾಗಿದ ಅಂಚು ಮೊದಲು ಹಸಿರಾಗಿ, ಆಮೇಲೆ ನೀಲಿಯಾಗಿ, ಮಡಿಕೆಯೊಳಗೆ ಮಾತ್ರ ಹಳದಿ ಉಳಿದಿರುತ್ತದೆ. ಮಡಿಕೆ ಬಿಡಿಸಿ, ಅದೂ ನೀಲಿಯಾಗುತ್ತದೆ. ಗಾಢ ಬೇಕೆಂದರೆ ಕಾಲು ಗಂಟೆ ಗಾಳಿಗೆ ಹಾಕಿ ಮತ್ತೆ ಅದ್ದಿ.