ಶೋಗ್ರೆನ್ಸ್ ಇರುವವರಿಗೆ: ಬಾಯಿ ಒಣಗಿದರೆ ಬರೀ ನೀರು ಸಾಲದು
ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುತ್ತದೆ. ನೀರು ಗುಟುಕರಿಸಿದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಸರಿ. ಆದರೆ ಹಲ್ಲು ಕಾಯುವ ಗುಣ ಇರುವುದು ಜೊಲ್ಲಿಗೆ, ನೀರಿಗಲ್ಲ. ಗ್ರಂಥಿಗಳಲ್ಲಿ ಸ್ವಲ್ಪವಾದರೂ ಕಸುವು ಉಳಿದಿದ್ದರೆ ಸಕ್ಕರೆಯಿಲ್ಲದ, ಕ್ಸೈಲಿಟಾಲ್ ಎಂಬ ಬದಲಿ ಸಿಹಿ ಇರುವ ಚ್ಯೂಯಿಂಗ್ ಗಮ್ ಅಗಿಯಿರಿ (ನಾಯಿ ಸಾಕಿದ್ದರೆ ಅದಕ್ಕೆ ಸಿಗದಂತೆ ಇಡಿ, ನಾಯಿಗೆ ಅದು ವಿಷ). ಹುಳಿ ಮಿಠಾಯಿ ಬೇಡ, ಜೊಲ್ಲು ಬಂದರೂ ಹಲ್ಲು ಸವೆಯುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಜೊಲ್ಲು ಹೆಚ್ಚಿಸುವ ಪಿಲೋಕಾರ್ಪಿನ್ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಸಾಮಾನ್ಯವಾಗಿ 5 ಮಿ.ಗ್ರಾಂ, ದಿನಕ್ಕೆ 4 ಸಲ ಬರೆಯುತ್ತಾರೆ. ಬೆವರು ಜಾಸ್ತಿಯಾಗಬಹುದು. ಹತೋಟಿಗೆ ಬಾರದ ಅಸ್ತಮಾ ಅಥವಾ ಗ್ಲಾಕೋಮಾ (ಕಣ್ಣಿನ ನರ ಹಾಳುಮಾಡುವ ಕಾಯಿಲೆ) ಇದ್ದರೆ ಮೊದಲೇ ಹೇಳಿಬಿಡಿ. ಅಂದಹಾಗೆ, ಕೆಲವು ಅಲರ್ಜಿ ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ನಾಲಿಗೆ ಕೆಂಪಾಗಿ ಉರಿಯುತ್ತಿದ್ದರೆ ಫಂಗಸ್ ಇರಬಹುದು, ತೋರಿಸಿ.