ಪವರ್ ಸ್ಟೀರಿಂಗ್ ರ‍್ಯಾಕ್ ಸೋರುತ್ತಿದೆಯೇ? ಮೊದಲು ಬೂಟ್ ಸರಿಸಿ ನೋಡಿ

ಸ್ಟೀರಿಂಗ್ ತಿರುಗಿಸಿದಾಗ ಗುಂಯ್ ಎನ್ನುವ ಸದ್ದು, ಡಬ್ಬಿಯಲ್ಲಿ ಇಳಿಯುತ್ತಲೇ ಹೋಗುವ ಆಯಿಲ್, ಗಾಡಿ ನಿಲ್ಲಿಸಿದಲ್ಲಿ ಕೆಂಪು ಕಲೆ. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಹಳೆಯ ಇಂಡಿಕಾ, ಇನ್ನೋವಾದಂಥ ಗಾಡಿಗಳಲ್ಲಿ ಸೋರಿಕೆಯ ಲಕ್ಷಣಗಳಿವು. ಸ್ಟೀರಿಂಗಿನ ತಿರುವನ್ನು ಮುಂದಿನ ಗಾಲಿಗಳಿಗೆ ಮುಟ್ಟಿಸುವ ಅಡ್ಡ ಕೊಳವೆಯಂಥ ಭಾಗವೇ ರ‍್ಯಾಕ್; ಅದರ ಎರಡು ತುದಿಗೆ ತೊಡಿಸಿದ ರಬ್ಬರ್ ಮುಸುಕೇ ಬೂಟ್. ಎಲೆಕ್ಟ್ರಿಕ್ ಸ್ಟೀರಿಂಗ್‌ನಲ್ಲಿ ಸಾಮಾನ್ಯವಾಗಿ ಆಯಿಲೇ ಇರುವುದಿಲ್ಲ.

ಆಯಿಲ್ ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಆಗಿರಬೇಕಿಲ್ಲ. ಎಂಜಿನ್ ತಣ್ಣಗಿದ್ದಾಗ ಪಂಪ್, ಪೈಪ್, ರ‍್ಯಾಕುಗಳನ್ನು ಬೆಲ್ಟಿಗೆ ತಾಗದಂತೆ ಡೀಸೆಲ್‌ನಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒರೆಸಿ. ಆಮೇಲೆ ಎಂಜಿನ್ ಚಾಲೂ ಮಾಡಿ ಒಬ್ಬರು ಸ್ಟೀರಿಂಗ್ ಎರಡೂ ಕಡೆ ತಿರುಗಿಸಲಿ, ಇನ್ನೊಬ್ಬರು ಪಕ್ಕದಿಂದ ಟಾರ್ಚ್ ಬೆಳಕಲ್ಲಿ ನೋಡಲಿ. ಕೊನೆಯ ತುದಿಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಒತ್ತಡ ಏರಿ ಪಂಪ್ ಕೆಡುತ್ತದೆ. ಪೈಪಿನ ಜಾಯಿಂಟಿನಲ್ಲಿ ಜಿನುಗಿದರೆ ಓ-ರಿಂಗ್ ಅಥವಾ ವಾಷರ್ ಬದಲಿಸಿದರೆ ಸಾಕು. ಸ್ಟೀರಿಂಗ್ ಕಾಲಂ ಬಂದು ಸೇರುವಲ್ಲಿ ಒದ್ದೆಯಿದ್ದರೆ ಪಿನಿಯನ್ (ಕಾಲಂ ತುದಿಯ ಸಣ್ಣ ಹಲ್ಲುಗಾಲಿ) ಸೀಲ್ ಹೋಗಿದೆ. ರ‍್ಯಾಕಿನ ಎರಡು ತುದಿಯ ರಬ್ಬರ್ ಬೂಟಿನ ಕ್ಲಿಪ್ ಬಿಚ್ಚಿ ಸರಿಸಿದಾಗ ಆಯಿಲ್ ಸುರಿದರೆ ಒಳಗಿನ ಸೀಲ್ ಹೋಗಿದೆ, ರ‍್ಯಾಕ್ ಇಳಿಸಲೇಬೇಕು.

ಬಾಗಲಕೋಟೆ, ವಿಜಯಪುರದ ಎರೆ ಮಣ್ಣಿನ ದಾರಿಗಳಲ್ಲಿ ಓಡುವ ಗಾಡಿಗಳಿಗೆ ಈ ಬೂಟೇ ಜೀವಾಳ. ಅದು ಬಿರಿದರೆ ಕೆಸರು ಒಳಹೊಕ್ಕು, ಒಳಗೆ ಅತ್ತಿತ್ತ ಸರಿಯುವ ಸರಳಿಗೆ, ಅಂದರೆ ಶಾಫ್ಟಿಗೆ, ಮೆತ್ತುತ್ತದೆ. ಎರೆ ಬೇಗ ತೇವ ಬಿಡದು, ಶಾಫ್ಟಿಗೆ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಗುಳಿಗಳು ಪ್ರತಿ ತಿರುವಿನಲ್ಲೂ ಸೀಲನ್ನು ಕೊಯ್ಯುತ್ತವೆ.

ರ‍್ಯಾಕ್ ಇಳಿಸಲು ಸಮತಟ್ಟಾದ ಗಟ್ಟಿ ನೆಲ ಬೇಕು. ಹಿಂದಿನ ಗಾಲಿಗೆ ಅಡ್ಡ ಕೊಟ್ಟು, ಮುಂದಿನ ಭಾಗವನ್ನು ಎರಡು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ಅಥವಾ ಇಟ್ಟಿಗೆ ನಂಬಿ ಕೆಳಗೆ ನುಗ್ಗಬೇಡಿ. ಗಾಲಿ ನೇರ ಮಾಡಿ, ಬ್ಯಾಟರಿ ಕಳಚಿ, ಸ್ಟೀರಿಂಗ್ ಚಕ್ರ ಅಲ್ಲಾಡದಂತೆ ಸೀಟ್ ಬೆಲ್ಟಿನಿಂದ ಕಟ್ಟಿ. ಏರ್‌ಬ್ಯಾಗ್ ಇದ್ದ ಗಾಡಿಯಲ್ಲಿ ಚಕ್ರ ಸಡಿಲವಾಗಿ ಸುತ್ತಿದರೆ ಒಳಗಿನ ಕ್ಲಾಕ್ ಸ್ಪ್ರಿಂಗ್ (ಏರ್‌ಬ್ಯಾಗಿನ ತಂತಿ ಸುರುಳಿ) ತುಂಡಾಗುತ್ತದೆ.

ರಿಟರ್ನ್ ಪೈಪ್ ಬಿಚ್ಚಿ ಆಯಿಲನ್ನು ಟ್ರೇಗೆ ಇಳಿಸಿ. ಗಾಲಿಯತ್ತ ಹೋಗುವ ಟೈ ರಾಡಿನ ತುದಿಯ ಜಾಯಿಂಟಿನ (ಟೈ ರಾಡ್ ಎಂಡ್) ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಿ ಪುಲ್ಲರ್ ಹಾಕಿ. ಸುತ್ತಿಗೆಯಾದರೆ ಎಂಡ್ ಕೂರುವ ಗಾಲಿ ಕಡೆಯ ಕಬ್ಬಿಣದ ತೋಳಿನ (ನಕಲ್) ಬದಿಗೆ ಹೊಡೆಯಬೇಕು, ಎಂಡಿನ ಚೂಡಿಗಲ್ಲ. ಎಂಡ್ ಬಿಚ್ಚುವಾಗ ಎಷ್ಟು ಸುತ್ತು ಬಂತೆಂದು ಎಣಿಸಿ ಬರೆದಿಡಿ. ಕಾಲಂ ಜಾಯಿಂಟಿಗೆ ಪೇಂಟಿನ ಗೆರೆ ಹಾಕಿ ಬೋಲ್ಟ್ ತೆಗೆಯಿರಿ. ಪೈಪಿನ ನಟ್‌ಗಳಿಗೆ ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ಪಾನಾ ಹಾಕಿ, ಸಾಧಾರಣ ಪಾನಾ ಮೂಲೆ ಸವೆಸಿಬಿಡುತ್ತದೆ. ಬಾಯಿ ತೆರೆದ ಪೈಪುಗಳಿಗೆ ಪ್ಲಾಸ್ಟಿಕ್ ಕಟ್ಟಿ. ನಂತರ ಕ್ಲಾಂಪ್ ಬಿಚ್ಚಿ ರ‍್ಯಾಕನ್ನು ಪಕ್ಕಕ್ಕೆ ಜಾರಿಸಿ ಹೊರತೆಗೆಯಿರಿ.

ಸೀಲ್ ಕಿಟ್ ಕೊಳ್ಳಲು ಅವಸರ ಬೇಡ. ಬೂಟ್ ಕಳಚಿ, ಶಾಫ್ಟ್ ಒರೆಸಿ, ಹೊಳೆಯುವ ಭಾಗದ ಮೇಲೆ ಉಗುರು ಎಳೆಯಿರಿ. ನುಣ್ಣಗೆ ಜಾರಿದರೆ ಕಿಟ್ ತನ್ನಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಹೊಸ ಸೀಲ್ ಕೆಲವೇ ದಿನಕ್ಕೆ ಹರಿಯುತ್ತದೆ; ರೀಕಂಡೀಷನ್ ಮಾಡಿದ ರ‍್ಯಾಕ್ ಹಾಕುವುದೇ ಲೇಸು. ಎಮೆರಿ ಕಾಗದದಿಂದ ಉಜ್ಜಿದರೆ ಗುಳಿ ಹೋಗುವುದಿಲ್ಲ, ಶಾಫ್ಟ್ ಸಣ್ಣದಾಗುತ್ತದೆ.

ಕಿಟ್ ಹಾಕುವುದೇ ಆದರೆ ಅಡ್ಜಸ್ಟರ್ ಪ್ಲಗ್ (ಶಾಫ್ಟನ್ನು ಪಿನಿಯನ್ನಿಗೆ ಒತ್ತಿ ಹಿಡಿಯುವ ತಿರುಪು), ಪಿನಿಯನ್ ಎರಡಕ್ಕೂ ಗುರುತು ಹಾಕಿ ಬಿಚ್ಚಿ. ಸೀಲಿನ ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗಿರಲಿ. ರ‍್ಯಾಕಿನ ಹಲ್ಲಿಗೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಆಯಿಲ್ ಸವರಿ ಸೀಲ್ ದಾಟಿಸಿ. ಬರಿ ಹಲ್ಲಿನ ಮೇಲೆ ಎಳೆದರೆ ಹೊಸ ಸೀಲಿನ ಅಂಚು ಅಲ್ಲಿಯೇ ಕೊಯ್ದು ಹೋಗುತ್ತದೆ. ಪಿಸ್ಟನ್ನಿನ ಟೆಫ್ಲಾನ್ ರಿಂಗನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಏರಿಸಿ, ಮತ್ತೆ ಒತ್ತಿ ಪಿಸ್ಟನ್ನಿನ ತೋಡಿನಲ್ಲಿ ಕೂರಿಸಿ. ಇದು ಕೈ ಪಳಗಿದವರ ಕೆಲಸ; ಧೈರ್ಯ ಸಾಲದಿದ್ದರೆ ಇಳಿಸಿದ ರ‍್ಯಾಕನ್ನಷ್ಟೇ ಹೈಡ್ರಾಲಿಕ್ ಕೆಲಸದವರಿಗೆ ಒಯ್ದು ಕೊಡಿ. ಅಡ್ಜಸ್ಟರ್ ಹಳೆಯ ಗುರುತಿಗೇ ನಿಲ್ಲಲಿ: ಬಿಗಿಯಾದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದು, ಸಡಿಲಾದರೆ ಖಟಖಟ ಸದ್ದು.

ಮೇಲಕ್ಕೆ ಏರಿಸುವಾಗ ಹೊಸ ಸ್ಪ್ಲಿಟ್ ಪಿನ್, ಹೊಸ ಬೂಟ್, ಹೊಸ ಕ್ಲಿಪ್ ಹಾಕಿ. ಡಬ್ಬಿಯ ಮುಚ್ಚಳದ ಮೇಲೆ ಬರೆದ ಆಯಿಲನ್ನೇ ತುಂಬಿ. ಬ್ರೇಕ್ ಆಯಿಲ್ ಹಾಕಿದರೆ ರಬ್ಬರ್ ಉಬ್ಬಿ ಕೆಡುತ್ತದೆ. ತೊಳೆಯುವುದೂ ಸೇರಿ 2 ಲೀಟರ್ ಇಟ್ಟುಕೊಳ್ಳಿ. ಗಾಲಿಗಳು ನೆಲ ಬಿಟ್ಟಿರುವಾಗಲೇ, ಎಂಜಿನ್ ಬಂದ್ ಇಟ್ಟು, ಸ್ಟೀರಿಂಗನ್ನು ತುದಿಯಿಂದ ತುದಿಗೆ 20 ಸಲ ನಿಧಾನ ತಿರುಗಿಸುತ್ತ ಡಬ್ಬಿ ಖಾಲಿಯಾಗದಂತೆ ಆಯಿಲ್ ಹಾಕುತ್ತಿರಿ. ನಂತರ ಎಂಜಿನ್ ಚಾಲೂ ಮಾಡಿ ಮತ್ತೆ ಹಾಗೆಯೇ ತಿರುಗಿಸಿ. ನೊರೆ ಬಂದರೆ ಗಾಳಿ ಇದೆ. ಬಂದ್ ಮಾಡಿ ನೊರೆ ತಗ್ಗಿದ ಮೇಲೆ ಮತ್ತೆ ಮಾಡಿ.

ಟೈ ರಾಡ್ ಎಂಡನ್ನು ಎಣಿಸಿದಷ್ಟೇ ಸುತ್ತು ಹಾಕಿದ್ದರೂ ವೀಲ್ ಅಲೈನ್‌ಮೆಂಟ್ ಮಾಡಿಸದೆ ದೂರ ಓಡಿಸಬೇಡಿ, ಟೈರಿನ ಅಂಚು ಸವೆಯುತ್ತದೆ. ಸುಮಾರು 100 ಕಿ.ಮೀ. ಓಡಿದ ಮೇಲೆ ಬೂಟಿನ ಕ್ಲಿಪ್ ಬಿಚ್ಚಿ ಬೆರಳಾಡಿಸಿ: ಗ್ರೀಸ್ ಅಷ್ಟೇ ಸಿಗಬೇಕು.