ರಾಬರ್ಟ್ ಹುಡ್: ಇಸವಿ ಬಿಟ್ಟು ಜೋಡಿ ಹಿಡಿದು ಕೇಳಿದ ಅನುಭವ

ಡೆಟ್ರಾಯಿಟ್‌ನ ಟೆಕ್ನೋ (ಯಂತ್ರಗಳಿಂದ ಮಾಡುವ ನೃತ್ಯ ಸಂಗೀತ) ಕಲಾವಿದ ಹುಡ್‌ನ ರೆಕಾರ್ಡಿಂಗ್‌ಗಳನ್ನು ಇಸವಿ ಪ್ರಕಾರ ಕೇಳಿದರೆ ಎಳೆ ಸಿಗುವುದಿಲ್ಲ. 1994ರ ‘ಮಿನಿಮಲ್ ನೇಷನ್’, ಅದೇ ವರ್ಷದ ‘ಇಂಟರ್ನಲ್ ಎಂಪೈರ್’, ಜಾಜ್ ಕಡೆ ವಾಲುವ ‘ನೈಟ್‌ಟೈಮ್ ವರ್ಲ್ಡ್’ ಸರಣಿ, ಫ್ಲೋರ್‌ಪ್ಲ್ಯಾನ್ ಎಂಬ ಅವನ ಇನ್ನೊಂದು ಹೆಸರಿನಲ್ಲಿ ಬಂದ 2013ರ ‘ಪ್ಯಾರಡೈಸ್’: ಸಾಲಾಗಿ ಹಾಕಿದರೆ ನಾಲ್ಕು ಜನ ಬೇರೆ ಬೇರೆ ಮಾಡಿದಂತಿರುತ್ತದೆ. ಷಫಲ್ ಹಾಕಿದರೆ ಇನ್ನೂ ಕೆಟ್ಟದು. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಎರಡೆರಡು ಟ್ರ್ಯಾಕ್‌ಗಳನ್ನು ಎದುರುಬದುರು ಇಟ್ಟು ಕೇಳುವ ಕ್ರಮಕ್ಕೆ ನಾನು ಬಂದಾಗ, ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ದನಿಗೂ ಬರೀ ಡ್ರಮ್ಮಿಗೂ ಎಲ್ಲಿಯ ಸಂಬಂಧ ಎಂದವರೇ ಹೆಚ್ಚು. ಈಗ ಅವರೇ ನನ್ನ ಪಟ್ಟಿ ಕೇಳುತ್ತಿದ್ದಾರೆ.

ಮೊದಲು ಎರಡರ ದನಿಯ ಮಟ್ಟ ಸರಿಮಾಡಬೇಕು. ಈಚಿನ ಡಿಜಿಟಲ್ ಮಾಸ್ಟರ್‌ಗಳು ಹಳೆಯ ವಿನೈಲ್ ರಿಪ್‌ಗಿಂತ (ರೆಕಾರ್ಡಿನಿಂದ ಇಳಿಸಿಕೊಂಡ ಫೈಲ್) ನನ್ನ ಬಳಿ ಸುಮಾರು 6 ಡೆಸಿಬೆಲ್ ಜೋರಿದ್ದವು. ಜೋರಿನದನ್ನೇ ಇಳಿಸಬೇಕು. ಮೆತ್ತಗಿನದನ್ನು ಏರಿಸಿದರೆ ಕಿಕ್ (ತಗ್ಗು ದನಿಯ ಡ್ರಮ್ ಬಡಿತ) ಒಡೆಯುತ್ತದೆ. ವೇಗ ಹೊಂದಿಸುವಾಗ ಕೀ ಲಾಕ್ (ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿಯುವ ಸೌಲಭ್ಯ) ಬೇಡ, ಹೈ-ಹ್ಯಾಟ್‌ನ (ಡ್ರಮ್ ಸೆಟ್ಟಿನ ಜೋಡಿ ತಾಳ) ಮೊನೆ ಮಸುಕಾಗುತ್ತದೆ. ವೇಗದ ವ್ಯತ್ಯಾಸ ಶೇ. 3–4 ದಾಟಿದರೆ ಆ ಜೋಡಿಯನ್ನೇ ಬಿಟ್ಟುಬಿಡಿ. ಆಮೇಲೆ ಎರಡರಿಂದಲೂ ಎಂಟು ಬಾರ್ (ತಾಳದ ಆವರ್ತ) ಲೂಪ್ ತೆಗೆದು 200 ಹರ್ಟ್ಸ್ ಕೆಳಗಿನ ತಗ್ಗು ದನಿಯನ್ನು ಕತ್ತರಿಸಿ.

ಕಿಕ್ ಹೋದ ಮೇಲೆ ಹುಡ್‌ನ ಕೈ ಕಾಣುತ್ತದೆ. ‘ಮಿನಸ್’ ಟ್ರ್ಯಾಕ್‌ನಲ್ಲಿ ಸಿಂತ್ ರಿಫ್ಫೇ (ಸಿಂತಸೈಜರ್‌ನ ಮರುಕಳಿಸುವ ಸಣ್ಣ ಸ್ವರಗುಚ್ಛ) ತಾಳದ ಕೆಲಸ ಮಾಡುತ್ತದೆ. ಫ್ಲೋರ್‌ಪ್ಲ್ಯಾನ್‌ನ ‘ನೆವರ್ ಗ್ರೋ ಓಲ್ಡ್’ನಲ್ಲಿ ಅದೇ ಕೆಲಸಕ್ಕೆ ಗಾಯಕಿ ಅರೀಥಾ ಫ್ರಾಂಕ್ಲಿನ್ ದನಿಯ ತುಣುಕು. ಎರಡು ಕಡೆಯೂ ಒಂದೇ ಪದರ ಮತ್ತೆ ಮತ್ತೆ ಬಂದು ಭಾರ ಹೊರುತ್ತದೆ, ಸುತ್ತಲಿನದು ಬದಲಾಗುತ್ತದೆ. ಗಾಯನ ಬಂದಿದೆಯೆಂದು ಇದು ಬೇರೆ ಸಂಗೀತ ಎನ್ನುವವರು ಈ ಎಂಟು ಬಾರ್ ಕೇಳಲಿ. ಜೋಡಿಗಳ ಪೂರ್ತಿ ಸರದಿ ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಡಿಜೆ ಸೆಟ್ಟಿನ ಬಂಡವಾಳ.

ದುಡ್ಡಿನ ವಿಷಯ. ‘ಮಿನಿಮಲ್ ನೇಷನ್’ ಮೊದಲ ಮುದ್ರಣದ ಹಿಂದೆ ಬೀಳಬೇಡಿ. 2009ರ ಮರುಮುದ್ರಣ ಈ ಕೆಲಸಕ್ಕೆ ಸಾಕು. ಉಳಿದ ಹಣ ಸ್ಟೈಲಸ್‌ಗೆ ಹಾಕಿ. ಸವೆದ ಮುಳ್ಳು ಹ್ಯಾಟ್‌ಗಳನ್ನು ಬರೀ ‘ಸ್ಸ್’ ಮಾಡುತ್ತದೆ, ಆಗ ಹೋಲಿಕೆಯೇ ಸುಳ್ಳಾಗುತ್ತದೆ. ರೆಕಾರ್ಡಿನ ಒಳಸುತ್ತಿನ ಟ್ರ್ಯಾಕ್‌ಗಳಲ್ಲಿ ಹೊಸ ಮುಳ್ಳಿದ್ದರೂ ಸ್ವಲ್ಪ ಒಡಕು ಬರುತ್ತದೆ, ಅವನ್ನು ಫೈಲ್‌ನಿಂದಲೇ ತೆಗೆದುಕೊಳ್ಳಿ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ನಿಮಿಷಕ್ಕೆ 45 ಸುತ್ತಿನ ರೆಕಾರ್ಡನ್ನು 33ಕ್ಕೆ ಇಳಿಸಿದರೆ 132 ಬಿಪಿಎಂ (ನಿಮಿಷಕ್ಕೆ ಬಡಿತ) ಸುಮಾರು 98 ಆಗುತ್ತದೆ. ‘ನೈಟ್‌ಟೈಮ್ ವರ್ಲ್ಡ್’ ಪಕ್ಕ ಇಡಬಹುದೆಂಬ ಲೆಕ್ಕವಿತ್ತು. ಹೊಂದಲಿಲ್ಲ. ಕಿಕ್ಕಿನ ಬಾಲ ಉದ್ದವಾಗಿ ಬಾಸ್ ಮೇಲೆ ಬೀಳುತ್ತದೆ, ಎಷ್ಟು ಕತ್ತರಿಸಿದರೂ ಬಿಡಿಸಲಾಗದು. ಆ ಸರಣಿಗೆ ಅದರದೇ ಟ್ರ್ಯಾಕ್‌ಗಳನ್ನು ಜೋಡಿ ಮಾಡಿ, ಕತ್ತರಿಯನ್ನು 100 ಹರ್ಟ್ಸ್‌ಗೆ ಇಳಿಸಿ. ಅಲ್ಲಿ ಬಾಸ್‌ಗೂ ಹೇಳುವುದಿರುತ್ತದೆ.